ಅಪ್ಪನ ದನಿ ಕೆಟ್ಟು ನಿಂತ ಬೆಳಿಗ್ಗೆ

ಊರವರ ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ತುಮಕೂರಿನ ಶಿರಾ ಗೇಟ್ ಹತ್ತಿರ ಟೈರ್ ಅಂಗಡಿಗೂ ಬೇಕರಿಗೂ ನಡುವೆ, ಇಬ್ಬರು ಕೂತರೆ ಮೂರನೆಯವನು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಜಾಗದಲ್ಲಿ ನನ್ನ ಅಂಗಡಿ ಇದೆ. ಬಂದವರ ಯಂತ್ರಗಳಿಗೆಲ್ಲ ಪಕ್ಕಾ ಆದ, ವರ್ಷಗಟ್ಟಲೆ ಅಲ್ಲಾಡದ ಸಾಫ್ಟ್‌ವೇರ್ ಹಾಕಿ ಕಳಿಸುತ್ತೇನೆ. ನನ್ನ ಸ್ವಂತ ಲ್ಯಾಪ್‌ಟಾಪ್ ಮಾತ್ರ ತಿಂಗಳಿಗೆ ಎರಡು ಸಲವಾದರೂ ಮಕಾಡೆ ಮಲಗುತ್ತಿತ್ತು. ತಾನಾಗಿ ಮಲಗುತ್ತಿರಲಿಲ್ಲ, ನಾನೇ ಮಲಗಿಸುತ್ತಿದ್ದೆ. "ಊರೋರ್‌ದೆಲ್ಲ ರಿಪೇರಿ ಮಾಡ್ತೀರ, ಮನೇದ್ ಮಾತ್ರ ಯಾವಾಗ್ ನೋಡಿದ್ರೂ ಐಸಿಯುನಲ್ಲಿರುತ್ತೆ" ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಕಾರಣ ಹೇಳುತ್ತೇನೆ. ನಾನು ಬಳಸುವ ಆಪರೇಟಿಂಗ್ ಸಿಸ್ಟಂ ಪುಕ್ಕಟೆ ಸಿಗುವಂಥದ್ದು. ಪ್ರಪಂಚದ ನಾನಾ ಮೂಲೆಯ ಜನ ತಮ್ಮ ಬಿಡುವಿನ ಹೊತ್ತಿನಲ್ಲಿ ಅದನ್ನು ಕಟ್ಟುತ್ತಾರೆ. ಅದರಲ್ಲಿ ಎರಡು ಬಗೆ. ಒಂದು, ಎಲ್ಲ ಪರೀಕ್ಷೆ ಮುಗಿದು ಜನರ ಕೈಗೆ ಬರುವ ವರ್ಷನ್. ಇನ್ನೊಂದು, ಇನ್ನೂ ಕಟ್ಟುತ್ತಲೇ ಇರುವ ಡೆವಲಪ್‌ಮೆಂಟ್ ವರ್ಷನ್. ಈ ಎರಡನೆಯದಕ್ಕೆ ದಿನಾ ಬೆಳಗಾದರೆ ಹೊಸ ಅಪ್‌ಡೇಟ್ ಬರುತ್ತದೆ. ಅದನ್ನು ಹಾಕಿಕೊಂಡವರು ಏನು ಕೆಟ್ಟಿತು, ಹೇಗೆ ಕೆಟ್ಟಿತು ಎಂದು ಕಟ್ಟುವವರಿಗೆ ಬರೆದು ತಿಳಿಸಬೇಕು. ಹಾಗೆ ತಿಳಿಸುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಸಂಬಳವಿಲ್ಲ, ಸನ್ಮಾನವಿಲ್ಲ. ಆದರೂ ಎಲ್ಲರಿಗಿಂತ ಮೊದಲು ಹೊಸದನ್ನು ಮುಟ್ಟಿ ನೋಡುವ ಚಪಲ ಇದೆಯಲ್ಲ, ಅದು ಸುಲಭಕ್ಕೆ ಬಿಡುವಂಥದ್ದಲ್ಲ.

ಅಪ್‌ಡೇಟ್ ಕೆಟ್ಟರೆ ಏನು ಮಾಡಬೇಕು ಅನ್ನುವುದು ನನಗೆ ಬಾಯಿಪಾಠ. ಪ್ರತಿ ಅಪ್‌ಡೇಟ್‌ಗೂ ಮುಂಚೆ ಯಂತ್ರ ತನ್ನ ಹಿಂದಿನ ಸ್ಥಿತಿಯನ್ನು ಒಂದು ಕಡೆ ತೆಗೆದಿಟ್ಟುಕೊಂಡಿರುತ್ತದೆ. ಮತ್ತೆ ಆನ್ ಮಾಡಿ, ಮೊದಲು ಬರುವ ಪಟ್ಟಿಯಲ್ಲಿ ಆ ಹಳೆಯದನ್ನು ಆರಿಸಿ ಗುಂಡಿ ಒತ್ತಿದರೆ ಮುಗಿಯಿತು. ಹೆಚ್ಚೆಂದರೆ ಕಾಲು ಗಂಟೆ. ನಿನ್ನೆ ಹೇಗಿತ್ತೋ ಹಾಗೇ ಎದ್ದು ಕೂರುತ್ತದೆ. ಆದರೆ ಹಳೆಯದಕ್ಕೆ ಹೋದಿರೋ, ಯಾಕೆ ಕೆಟ್ಟಿತು ಅನ್ನುವ ಸುಳಿವೆಲ್ಲ ಅಳಿಸಿಹೋಗುತ್ತದೆ. ಹೊಸಬರು ಇಲ್ಲೇ ಸಿಕ್ಕಿಬೀಳುವುದು. ಅಂಥವರಿಗೆ ನಮ್ಮ ಚರ್ಚೆಯ ಪುಟದಲ್ಲಿ ನಾನೇ ಎಷ್ಟೋ ಸಲ ಉಪದೇಶ ಬರೆದಿದ್ದೆ: ಕೆಲಸದ ಯಂತ್ರವಾದರೆ ಕಾರಣ ಹುಡುಕುತ್ತ ಕೂರಬೇಡಿ, ಮೊದಲು ಹಿಂದಕ್ಕೆ ಹೋಗಿ, ಕೆಲಸ ಮುಗಿಸಿ. ಬರೆಯುವಾಗ ನನಗೆ ನಾನೇ ದೊಡ್ಡ ಮೇಷ್ಟ್ರ ಹಾಗೆ ಕಾಣುತ್ತಿದ್ದೆ.

ಇನ್ನು ಅಪ್ಪನ ವಿಷಯ. ಅಪ್ಪ ತುಮಕೂರು–ಗುಬ್ಬಿ ನಡುವೆ ಓಡುತ್ತಿದ್ದ ಒಂದು ಪ್ರೈವೇಟ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಗಂಟಲೇ ಅವನ ಅನ್ನ. "ಹೆಗ್ಗೆರೆ, ಮಲ್ಲಸಂದ್ರ, ಗುಬ್ಬಿ ಗುಬ್ಬಿ ಗುಬ್ಬಿ" ಎಂದು ಅವನು ಕೂಗಿದರೆ ಸ್ಟ್ಯಾಂಡಿನ ಆ ತುದಿಯ ಟೀ ಅಂಗಡಿಯಲ್ಲಿದ್ದವರೂ ಲೋಟ ಇಟ್ಟು ಎದ್ದು ಬರುತ್ತಿದ್ದರು. ಅದೇ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ಆಪರೇಷನ್‌ಗೆ ಇನ್ನೂ ಎರಡು ವಾರವಿತ್ತು. ಆ ಎರಡು ವಾರ ನಾನು ಅಪ್ಪನನ್ನು ದಿನಾ ಎದುರಿಗೆ ಕೂರಿಸಿಕೊಂಡು ಪೇಪರ್ ಓದಿಸಿದೆ, ಹಳೆಯ ಕತೆ ಹೇಳಿಸಿದೆ, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. "ಯಾಕ್ಲಾ, ಸಾಯೋನ್ ಕೈಲಿ ಉಯಿಲ್ ಬರುಸ್ಕೊಂಡಂಗೆ ಓದುಸ್ತೀಯ?" ಎಂದು ಬೈದ. ಬೈಗುಳವೂ ರೆಕಾರ್ಡ್ ಆಯಿತು.

ರೆಕಾರ್ಡಿನಿಂದ ಒಬ್ಬರ ದನಿಯನ್ನೇ ತಯಾರು ಮಾಡಿ, ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಆ ದನಿಯಲ್ಲೇ ಓದಿ ಹೇಳುವ ಒಂದು ಸಾಫ್ಟ್‌ವೇರ್ ಆಗಷ್ಟೇ ಬಂದಿತ್ತು. ಅದೂ ನಮ್ಮ ಡೆವಲಪ್‌ಮೆಂಟ್ ವರ್ಷನ್‌ಗೆ ಮಾತ್ರ. ಆಪರೇಷನ್ ಆಗಿ ಎರಡು ತಿಂಗಳಿಗೆ ಅದನ್ನು ನನ್ನ ಲ್ಯಾಪ್‌ಟಾಪಿಗೆ ಕೂಡಿಸಿ ಅಪ್ಪನ ಮುಂದಿಟ್ಟೆ. ಅಪ್ಪ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಏನೋ ಒತ್ತಿದ. "ಕಾಫಿ ಕೊಡಮ್ಮ" ಅಂದಿತು ಪೆಟ್ಟಿಗೆ. ಮುಕ್ಕಾಲು ಪಾಲು ಅಪ್ಪನೇ. ಒಳಗಿದ್ದ ಹೆಂಡತಿ ಹೊರಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು. ಕಾಫಿ ಕುಡಿದ ಮೇಲೂ ಅಪ್ಪ ಅದನ್ನೇ ನಾಲ್ಕು ಸಲ ಒತ್ತಿದ. ಅಲ್ಲಿಂದ ಆ ಲ್ಯಾಪ್‌ಟಾಪ್ ಅಪ್ಪನದಾಯಿತು. ನನ್ನ ಚಪಲಕ್ಕೆ ಆಟದ ಸಾಮಾನಾಗಿದ್ದದ್ದು ಒಬ್ಬ ಮನುಷ್ಯನ ಗಂಟಲಾಗಿದೆ ಎಂದು ಆವತ್ತೇ ನಾನು ದಿನದಿನದ ಅಪ್‌ಡೇಟ್ ಹಾಕುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಅಪ್ಪನಿಗೆ ಒಬ್ಬನೇ ತಮ್ಮ. ನನ್ನ ಚಿಕ್ಕಪ್ಪ. ಅದೇ ಬಸ್ಸಿಗೆ ಅವನು ಡ್ರೈವರ್. ಮುಂದೆ ತಮ್ಮ, ಹಿಂದೆ ಅಣ್ಣ. ದಿನಕ್ಕೆ ಆರು ಟ್ರಿಪ್ಪು, ಮಧ್ಯಾಹ್ನ ಒಂದೇ ಕ್ಯಾರಿಯರ್‌ನಲ್ಲಿ ಊಟ. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಕಣ್ಣು ಮಂಜಾಗುತ್ತ ಬಂತು. ಒಪ್ಪಿಕೊಳ್ಳುವ ಆಸಾಮಿಯಲ್ಲ ಅವನು. ಸಂಜೆ ಹೊತ್ತು ಎದುರಿನ ಲಾರಿಯ ಲೈಟಿಗೆ ತಡಬಡಾಯಿಸುವುದು ಹಿಂದೆ ನಿಂತ ಅಪ್ಪನಿಗೆ ಗೊತ್ತಾಗುತ್ತಿತ್ತು. ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಮಾಲೀಕನ ಹತ್ತಿರ ಹೋಗಿ, ಇವನನ್ನು ಸ್ಟೀರಿಂಗ್‌ನಿಂದ ಇಳಿಸಿ ಬೇರೆ ಏನಾದರೂ ಕೆಲಸ ಕೊಡಿ ಎಂದು ಕೇಳಿಕೊಂಡ. ಮಾಲೀಕ ಮಾರನೇ ದಿನ ಎಲ್ಲರ ಮುಂದೆ, "ನಿಮ್ಮಣ್ಣನೇ ಹೇಳವ್ನೆ, ನಿಂಗ್ ಕಣ್ ಕಾಣಲ್ವಂತೆ" ಎಂದು ಹೇಳಿ ಮನೆಗೆ ಕಳಿಸಿದ.

ಅಲ್ಲಿಗೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಮಾತು ಬಿಡುವುದು ಅಂದರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಮದುವೆ ಮುಂಜಿಗೆ ಬರುತ್ತಾರೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಸಾರಿನ ಬಕೆಟ್ ಕೂಡ ಕೈಯಿಂದ ಕೈಗೆ ಕೊಡುತ್ತಾರೆ. ಮಾತು ಮಾತ್ರ ಇಲ್ಲ. ಯಾರು ಮೊದಲು ಮಾತಾಡಿಸುತ್ತಾರೋ ಅವರು ಸೋತ ಹಾಗೆ. ಚಿಕ್ಕಪ್ಪ ಚಿಕ್ಕಮ್ಮನ ಊರಿಗೆ ಹೋಗಿ ನೆಲೆಸಿದ. ಕುಣಿಗಲ್‌ನಿಂದ ಹುತ್ರಿದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಅವಳದೊಂದು ಹಳ್ಳಿ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಅಲ್ಲಿ ಕಣ್ಣು ಪೂರ್ತಿ ಹೋಯಿತು. ನಾನು ಹೋದಾಗಲೆಲ್ಲ ಅವನದು ಒಂದೇ ಮಾತು: "ನನ್ ಮುಖಕ್ ಹೇಳ್ಬೋದಿತ್ತಲ್ಲ ಕಣ್ಲಾ. ಕಂಡೋರ್ ಬಾಯಲ್ಲಿ ಕೇಳ್ಬೇಕಾಯ್ತು. ಅವ್ನೇ ಬಂದು, ಅವ್ನ್ ದನೀಲೇ ಒಂದ್ ಮಾತ್ ಅನ್ಲಿ. ಬೇರೆಯೋರ್ ಬಾಯಲ್ಲಿ ಹೇಳಿ ಕಳಿಸೋದು ಬ್ಯಾಡ." ಬಂದು ಅಪ್ಪನಿಗೆ ಹೇಳಿದರೆ ಅಪ್ಪ ಮುಖ ಆಚೆ ತಿರುಗಿಸುತ್ತಿದ್ದ. ಹಾಗೆ ಹನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ ಮಾತಾಡಿಸಬೇಕಾದವನ ದನಿಯೇ ಹೋಯಿತು.

ಕಳೆದ ವರ್ಷ ಶ್ರಾವಣ ಕಳೆದ ಮೇಲೆ ಒಂದು ಸಂಜೆ ಚಿಕ್ಕಮ್ಮ ಫೋನ್ ಮಾಡಿದಳು. ಚಿಕ್ಕಪ್ಪನ ಕಿಡ್ನಿ ಎರಡೂ ಕೈಕೊಟ್ಟಿವೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. "ಅಣ್ಣ ಬರ್ಲಿ ಅಂತವ್ರೆ ಕಣಪ್ಪ. ಅವ್ರ್ ಬಾಯಲ್ಲಿ ಈ ಮಾತ್ ಬಂದಿರೋದೇ ಹೆಚ್ಚು. ನಾಳೆ ಬೆಳಿಗ್ಗೇನೇ ಭಾವನ್ ಕರ್ಕೊಂಡ್ ಬಂದ್ಬುಡು. ಬೆಳಿಗ್ಗೆ ಹೊತ್ತು ಚೆನ್ನಾಗ್ ಮಾತಾಡ್ತಾರೆ, ಬಿಸ್ಲೇರ್ತಿದ್ದಂಗೆ ಮಂಪರು ಬಂದ್ಬುಡ್ತದೆ" ಅಂದಳು. ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ಅಪ್ಪ ಲ್ಯಾಪ್‌ಟಾಪ್ ಎಳೆದುಕೊಂಡ. ಪೆಟ್ಟಿಗೆ ಒಂದೇ ಮಾತು ಆಡಿತು: "ಹೋಗಾನ."

ಆ ಸಂಜೆಯೆಲ್ಲ ಅಪ್ಪ ಕೂತು ತಮ್ಮನಿಗೆ ಹೇಳಬೇಕಾದ್ದನ್ನು ಟೈಪ್ ಮಾಡಿದ. ಬರೆಯುವುದು, ಅಳಿಸುವುದು. ನಮಗೆ ಕೇಳಿಸಬಾರದೆಂದು ಬಾಗಿಲು ಹಾಕಿಕೊಂಡ. ಆದರೂ ಒಂದು ಕೊರತೆ ಅಪ್ಪನನ್ನು ಕಾಡುತ್ತಿತ್ತು. ಆ ದನಿ ವಾಕ್ಯದ ಕೊನೆ ಕೊನೆಯ ಅಕ್ಷರಗಳನ್ನು ನುಂಗುತ್ತಿತ್ತು. "ಬಾಲ ಕುಯ್ದಂಗೆ ಮಾತಾಡ್ತದೆ, ಕಣ್ ಕಾಣ್ದೋನು, ಅವ್ನಿಗ್ ಪೂರ್ತಿ ಕೇಳ್ಬೇಕು" ಎಂದು ನನ್ನ ಮೇಲೆ ಪೆಟ್ಟಿಗೆಯಿಂದಲೇ ರೇಗಿದ. ನೋಡೋಣ ಅಂದೆ.

ಬೆಳಿಗ್ಗೆ ಐದೂವರೆಗೆ ಎದ್ದೆ. ಏಳು ಗಂಟೆಯ ಬಸ್ಸು ಹಿಡಿದರೆ ಎಂಟೂವರೆಗೆಲ್ಲ ಚಿಕ್ಕಪ್ಪನ ಮುಂದಿರಬಹುದು. ಅಭ್ಯಾಸಬಲದಿಂದ ಅವತ್ತಿನ ಅಪ್‌ಡೇಟ್‌ನಲ್ಲಿ ಏನೇನಿದೆ ಎಂದು ನೋಡಿದೆ. ವಾಕ್ಯದ ಕೊನೆಯಲ್ಲಿ ಧ್ವನಿ ತುಂಡಾಗುವ ದೋಷ ಸರಿಪಡಿಸಿದ್ದೇವೆ ಎಂದು ಒಂದು ಸಾಲಿತ್ತು. ನನಗೆ ಖುಷಿಯೋ ಖುಷಿ. ದೇವರೇ ಕಳಿಸಿದ ಹಾಗಾಯಿತಲ್ಲ ಅಂದುಕೊಂಡೆ. ಬೇಡ ಕಣೋ, ಇವತ್ತು ಬೇಡ ಎಂದು ಒಳಗೆ ಒಂದು ದನಿ ಅಂದದ್ದೂ ಹೌದು. ಯಾವನ ಮಾತನ್ನಾದರೂ ಕೇಳಿದವನೇ ನಾನು? ಅಪ್‌ಡೇಟ್ ಒತ್ತಿದೆ.

ಹಾಕಿ ಮುಗಿದು ಮತ್ತೆ ಆನ್ ಆಗಬೇಕಾದ ಯಂತ್ರ ಆಗಲಿಲ್ಲ. ಕಪ್ಪು ಪರದೆ, ಎಡತುದಿಯಲ್ಲಿ ಒಂದು ಗೀಟು ಮಿಣಮಿಣ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಅದೇ ಗೀಟು. ಆಗ ಗಂಟೆ ಆರು ಕಾಲು.

ಹಿಂದಕ್ಕೆ ಹೋಗಿದ್ದರೆ ಆರೂವರೆಗೆ ಮುಗಿದಿರುತ್ತಿತ್ತು. ಅಪ್ಪ ಬರೆದಿಟ್ಟ ಮಾತೆಲ್ಲ ಬೇರೆ ಕಡೆ ಭದ್ರವಾಗಿತ್ತು, ಅದಕ್ಕೇನೂ ಆಗುತ್ತಿರಲಿಲ್ಲ. ಬಾಲ ಕುಯ್ದ ದನಿಯಲ್ಲೇ ಆದರೂ ಏಳರ ಬಸ್ಸು ಸಿಗುತ್ತಿತ್ತು. ಇದೆಲ್ಲ ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಮಾಡಲಿಲ್ಲ ಅನ್ನುವುದನ್ನು ಇಲ್ಲಿ ತನಕ ಯಾರಿಗೂ ಹೇಳಿಲ್ಲ. ಮೂರು ತಿಂಗಳ ಹಿಂದೆ ಇಂಥದೇ ಕಪ್ಪು ಪರದೆಯ ಬಗ್ಗೆ ನಾನೊಂದು ವರದಿ ಬರೆದಿದ್ದೆ. ಕಟ್ಟುವವರಲ್ಲಿ ಒಬ್ಬ, ಎಲ್ಲಿಯವನೋ ಏನೋ, "ಇವರು ಕೊಡುವ ಮಾಹಿತಿ ಯಾವತ್ತೂ ಅರೆಬರೆ, ಇದರಿಂದ ಏನೂ ಮಾಡಲಾಗದು" ಎಂದು ಎಲ್ಲರ ಮುಂದೆ ಬರೆದು ಅದನ್ನು ಮುಚ್ಚಿಹಾಕಿದ್ದ. ಅದರ ಕೆಳಗೆ ಎರಡು ಮೂರು ಜನ ನಗುವ ಚಿತ್ರ ಹಾಕಿದ್ದರು. ಮುಖ ನೋಡದವನು ಅಂದ ಆ ಮಾತು ಮೂರು ತಿಂಗಳಿಂದ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಈಗ ಅದೇ ದೋಷ, ಇನ್ನೂ ಬಿಸಿಯಾಗಿ, ನನ್ನ ಕೈಯಲ್ಲೇ ಸಿಕ್ಕಿದೆ. ಹಿಂದಕ್ಕೆ ಹೋದರೆ ಸಾಕ್ಷಿಯೆಲ್ಲ ಹೋಗುತ್ತದೆ. ಅರ್ಧ ಗಂಟೆ ಕೂತರೆ ಪೂರ್ತಿ ಮಾಹಿತಿ ತೆಗೆದು ಅವನ ಮುಖಕ್ಕೆ ಹಿಡಿಯಬಹುದು. ಏಳಲ್ಲದಿದ್ದರೆ ಏಳೂವರೆಗೆ ಇನ್ನೊಂದು ಬಸ್ಸಿದೆ ಎಂದು ಸಮಾಧಾನ ಮಾಡಿಕೊಂಡು ಅಂಗಡಿಯಿಂದ ಮನೆಗೆ ತಂದಿದ್ದ ಇನ್ನೊಂದು ಲ್ಯಾಪ್‌ಟಾಪ್ ತೆಗೆದು ಪಕ್ಕಕ್ಕಿಟ್ಟುಕೊಂಡೆ.

ಅಪ್ಪ ಆಗಲೇ ಸಿದ್ಧ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ, ಹೆಗಲ ಮೇಲೆ ಟವೆಲ್ಲು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ. "ಮಾವ, ಎರಡ್ ಇಡ್ಲಿ ತಿಂದ್ಕೊಳಿ" ಎಂದು ಹೆಂಡತಿ ತಂದಿಟ್ಟದ್ದು ಹಾಗೇ ಆರಿತು.

ಏಳು ಗಂಟೆಗೆ ಚಿಕ್ಕಮ್ಮನ ಫೋನು. "ಹೊರಟ್ರೇನಪ್ಪ?"

"ಹೂಂ ಚಿಕ್ಕಮ್ಮ, ಹೊರಟ್ವಿ. ಬಸ್ಸಲ್ಲಿದೀವಿ" ಅಂದೆ.

ಯಾರು ಕೇಳಿದರೂ ನಾವು ಹೀಗೇ ಹೇಳುವುದು. ಬಚ್ಚಲಲ್ಲಿ ಇದ್ದವನೂ ಬಸ್ಸಲ್ಲಿದೀನಿ ಅನ್ನುತ್ತಾನೆ. ಕೇಳಿದವರೂ ಅದನ್ನು ಅಷ್ಟಕ್ಕಷ್ಟೇ ಅಂದುಕೊಳ್ಳುತ್ತಾರೆ. ಹೆಂಡತಿ ಒಳಗಿನಿಂದ ಬಂದು ನನ್ನನ್ನು ದುರುದುರು ನೋಡಿದಳು. "ಯಾಕ್ರೀ ಸುಳ್ ಹೇಳ್ತೀರ? ಅದ್ ಕೆಟ್ಟಿದ್ರೆ ಹಾಳಾಗ್ ಹೋಗ್ಲಿ, ಮಾವನ್ ಕರ್ಕೊಂಡ್ ಹೊರಡ್ರಿ. ಅಲ್ಲೋಗಿ ನೀವೇ ಹೇಳಿ."

"ನಾನ್ ಹೇಳಂಗಿದ್ರೆ ಹನ್ನೊಂದ್ ವರ್ಷದ್ ಹಿಂದೇನೇ ಹೇಳ್ತಿರ್ಲಿಲ್ವಾ? ಅವ್ರಿಗ್ ಅಣ್ಣನ್ ದನಿ ಬೇಕಂತೆ. ಸುಮ್ನಿರು, ಇನ್ನೇನ್ ಆಗೋಯ್ತು" ಎಂದು ರೇಗಿದೆ. ಮಾತು ನಿಜವೇ. ನಿಜದ ಹಿಂದೆ ಬಚ್ಚಿಟ್ಟುಕೊಳ್ಳುವುದು ಎಷ್ಟು ಸುಲಭ ಅಂತ ಆಗ ಗೊತ್ತಾಗಲಿಲ್ಲ.

ಎಂಟಾಯಿತು. ಅಪ್ಪ ಎದ್ದು ಬಂದು ನನ್ನ ಪಕ್ಕ ನಿಂತ. ಜೇಬಿನಲ್ಲಿ ಯಾವಾಗಲೂ ಇರುವ ಸಣ್ಣ ಪುಸ್ತಕ ತೆಗೆದು ಪೆನ್ಸಿಲ್‌ನಲ್ಲಿ ಬರೆದು ಮುಂದೆ ಹಿಡಿದ. "ಇದಿಲ್ಲದೇ ಹೋಗೋಣವಾ?"

ನಾನು ಆ ಸಾಲನ್ನು ಓದಿದೆ. ಹನ್ನೊಂದು ವರ್ಷ ಮಣಿಯದ ಮನುಷ್ಯ ಬಗ್ಗಿ ನನ್ನನ್ನು ಕೇಳುತ್ತಿದ್ದಾನೆ. ದನಿ ಇರಲಿ ಬಿಡಲಿ, ತಮ್ಮನ ಕೈ ಹಿಡಿದುಕೊಂಡರೆ ಸಾಕು ಅನ್ನುವಲ್ಲಿಗೆ ಬಂದಿದ್ದಾನೆ. ನಾನು ಪರದೆಯಿಂದ ಕಣ್ಣು ಕೂಡ ಕೀಳದೆ, "ಬ್ಯಾಡ ಕಣಪ್ಪ, ಇಷ್ಟ್ ದಿನ ಕಾದು ಹಂಗೇ ಹೋಗೋದಾ? ಐದ್ ನಿಮಿಷ ಕೂತ್ಕೋ" ಅಂದೆ. ಅಪ್ಪ ಹೋಗಿ ಕೂತ. ಕಂಪ್ಯೂಟರ್ ವಿಷಯದಲ್ಲಿ ನನ್ನ ಮಾತೆಂದರೆ ಅವನಿಗೆ ಅಷ್ಟು ನಂಬಿಕೆ.

ಆ ಐದು ನಿಮಿಷದಲ್ಲಿ ನಾನು ಮಾಡಿದ್ದು ಇಷ್ಟು. ಯಂತ್ರ ಎಲ್ಲಿ ನಿಂತಿತು ಎಂದು ಅದು ಸಾಲುಸಾಲಾಗಿ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಬೇರೆ ಬೇರೆ ರೀತಿಯಲ್ಲಿ ಆನ್ ಮಾಡಿ ನೋಡಿ, ಪ್ರತಿ ಸಲವೂ ಫೋನಿನಲ್ಲಿ ಫೋಟೊ ತೆಗೆದೆ. ಅಪ್‌ಡೇಟ್‌ನಲ್ಲಿ ಬಂದ ಯಾವ ಸಾಫ್ಟ್‌ವೇರ್ ತುಣುಕು ಯಾವುದರ ಜೊತೆ ಜಗಳ ಆಡುತ್ತಿದೆ ಎಂದು ಒಂದೊಂದಾಗಿ ಬಿಡಿಸಿದೆ. ಒಂಬತ್ತೂವರೆ ಹೊತ್ತಿಗೆ ಕಾರಣ ಸಿಕ್ಕಿತು. ಸಿಕ್ಕಿತು ಎಂದು ಗಟ್ಟಿಯಾಗಿ ಕೂಗಿಯೂಬಿಟ್ಟೆ. ಸರಿಯಾಯಿತು ಅಂದುಕೊಂಡು ಅಪ್ಪ ಎದ್ದು ನಿಂತ. ನಾನು ಸರಿ ಮಾಡುತ್ತಿರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಡಿಕ್ಷನರಿ ನೋಡಿಕೊಂಡು ವರದಿ ಬರೆಯಲು ಕೂತೆ. ಫೋನು ಎರಡು ಸಲ ಬಡಿದುಕೊಂಡಿತು, ಚಿಕ್ಕಮ್ಮನದೇ. ಬಸ್ಸಲ್ಲಿದ್ದೇನೆ ಅಂದವನು ಏನಂತ ಎತ್ತಲಿ? ಎತ್ತಲಿಲ್ಲ. ಅಪ್ಪ ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ. ನಾನು ಕೈ ಎತ್ತಿ, ಬಂದೆ ಬಂದೆ ಅಂದೆ.

ವರದಿ ಕಳಿಸಿದಾಗ ಹತ್ತೂಮುಕ್ಕಾಲು. ಆಮೇಲೆ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ಒತ್ತಿದೆ. ಹನ್ನೆರಡೇ ನಿಮಿಷ. ನಿನ್ನೆಯ ಯಂತ್ರ ನಿನ್ನೆಯ ಹಾಗೆಯೇ ಎದ್ದು ಕೂತಿತು. ಅಪ್ಪ ಪರೀಕ್ಷೆಗೆಂದು ಒಂದು ಮಾತು ಒತ್ತಿದ. "ಹೊತ್ತಾಯ್ತು ಕಣ್ಲಾ" ಅಂದಿತು, ಕೊನೆಯ ಅಕ್ಷರ ನುಂಗಿಕೊಂಡು.

ಬಸ್ಸಿನಲ್ಲಿ ಅಪ್ಪ ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಗೂಳೂರು ದಾಟುವಾಗ ನನಗೆ ಇನ್ನೊಂದು ಹೊಳೆಯಿತು. ಹಿಂದಿನ ಸಂಜೆಯೇ ಅಪ್ಪ ಬರೆದದ್ದನ್ನು ಅವನ ದನಿಯಲ್ಲಿ ಒಂದು ಆಡಿಯೊ ಮಾಡಿ ಫೋನಿಗೆ ಹಾಕಿಕೊಂಡಿದ್ದರೆ ಲ್ಯಾಪ್‌ಟಾಪೇ ಬೇಕಿರಲಿಲ್ಲ. ಹತ್ತು ಜನಕ್ಕೆ ಬುದ್ಧಿ ಹೇಳುವವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಹೆಬ್ಬೂರಿನಲ್ಲಿ ಬಸ್ಸು ಜನ ತುಂಬಿಕೊಳ್ಳಲು ಹತ್ತು ನಿಮಿಷ ನಿಂತಿತು. ಆ ಕಂಡಕ್ಟರ್‌ನನ್ನು ಕೊಂದುಬಿಡಬೇಕು ಅನ್ನಿಸಿತು ನನಗೆ.

ಕುಣಿಗಲ್‌ನಲ್ಲಿ ಇಳಿದು ಆಟೊ ಹಿಡಿದು ಚಿಕ್ಕಪ್ಪನ ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಜಗಲಿಯ ಮೇಲೆ ನೆಂಟರು ಸುಮ್ಮನೆ ಕೂತಿದ್ದರು. ಚಿಕ್ಕಪ್ಪ ನಡುಮನೆಯ ಮಂಚದ ಮೇಲಿದ್ದ. ಉಸಿರು ಇತ್ತು. ಎಚ್ಚರ ಇರಲಿಲ್ಲ.

"ಹನ್ನೊಂದ್ ಗಂಟೇಲಿ ಮಾತು ನಿಂತೋಯ್ತು" ಅಂದಳು ಚಿಕ್ಕಮ್ಮ. ಅಳುತ್ತಿರಲಿಲ್ಲ, ಸುಸ್ತಾಗಿದ್ದಳು. "ಬೆಳಿಗ್ಗೆ ನೀನು ಬಸ್ಸಲ್ಲಿದೀವಿ ಅಂದ್ಯಲ್ಲ, ಹಂಗೇ ಹೇಳ್ದೆ. ಎತ್ತಿ ಒರಗಿಸಿ ಕೂರ್ಸು ಅಂದ್ರು. ಕೂರಿಸ್ದೆ. ಕಣ್ ಕಾಣ್ದಿದ್ರೇನು, ಟೈಮ್ ಕೇಳ್ಕೊಂಡ್ ಕೇಳ್ಕೊಂಡ್ ರೋಡ್ ಲೆಕ್ಕ ಹಾಕ್ತಾ ಕೂತ್ರು. ಈಗ ಗೂಳೂರು ಅಂದ್ರು. ಈಗ ಹೆಬ್ಬೂರ್ ದಾಟಿರ್ತಾನೆ ಅಂದ್ರು. ಈಗ ಕುಣಿಗಲ್ ಕೆರೆ ಏರಿ ಮೇಲವ್ನೆ ಅಂದ್ರು. ಬಾಗ್ಲಲ್ಲಿ ಯಾರ್ ಬಂದ್ರೂ ಅಣ್ಣನಾ ಅಂತ ಕೇಳೋರು. ಹತ್ತಾದ್ಮೇಲೆ, ಬಸ್ಸು ಕೆಟ್ಟು ನಿಂತಿರ್ಬೇಕು ಕಣೇ, ನಮ್ಮಣ್ಣ ಬರ್ದೇ ಇರೋನಲ್ಲ, ಅಂದ್ರು. ಅದೇ ಕೊನೆ. ಎಲ್ಲಿ ಕೆಟ್ ನಿಂತಿತ್ತಪ್ಪ ಬಸ್ಸು?"

ಅಪ್ಪ ನನ್ನ ಮುಖ ನೋಡಲಿಲ್ಲ. ಮಂಚದ ತುದಿಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದು ಚಿಕ್ಕಪ್ಪನ ಕಿವಿಯ ಪಕ್ಕ ದಿಂಬಿನ ಮೇಲಿಟ್ಟ. ಒಂದು ಕೈಯಲ್ಲಿ ತಮ್ಮನ ಕೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದ.

"ಲೋ, ನಾನು ಕಣ್ಲಾ. ನಿನ್ ಕಣ್ಣಿನ್ ವಿಚಾರ ನಿಂಗೇ ಮೊದ್ಲು ಹೇಳ್ಬೇಕಿತ್ತು. ನೀನ್ ಬೇಜಾರ್ ಮಾಡ್ಕೋತೀಯ ಅಂತ ಹೆದ್ರಿಕೊಂಡೆ. ಹಿಂದ್ಗಡೆ ಹೋಗಿ ಹೇಳಿದ್ದು ತಪ್ಪು. ತಪ್ಪಾಯ್ತು ಕಣ್ಲಾ. ಒಂದ್ಸಲ ಬೈದ್ಬುಡು ನನ್ನ."

ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಕೇಳದ ದನಿ. ಜಗಲಿಯಲ್ಲಿದ್ದವರು ಬಾಗಿಲಿಗೆ ಬಂದು ನಿಂತರು. ಚಿಕ್ಕಪ್ಪನ ರೆಪ್ಪೆ ಕೂಡ ಅಲುಗಲಿಲ್ಲ. ಅಪ್ಪ ಮತ್ತೆ ಒತ್ತಿದ. ಅದೇ ಮಾತು, ಅದೇ ಜಾಗದಲ್ಲಿ ಅದೇ ಅಕ್ಷರ ನುಂಗಿಕೊಂಡು. ಮೂರನೇ ಸಲ ಒತ್ತಿ, ಅದು "ಬೈದ್ಬುಡು" ಅನ್ನುವುದಕ್ಕೆ ಬಂದಾಗ ಚಿಕ್ಕಮ್ಮ, "ಸಾಕು ಭಾವ, ಸಾಕು ಮಾಡಿ" ಎಂದು ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟಳು. ಅಪ್ಪ ಬಾಯಿ ತೆರೆದು ಅತ್ತ. ಅವನ ಅಳುವಿಗೆ ಸದ್ದಿಲ್ಲ, ಆಪರೇಷನ್‌ನಲ್ಲಿ ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ ತೂತಿನಿಂದ ಬರೀ ಗಾಳಿ ಬರುತ್ತದೆ. ಅದನ್ನು ನೋಡುತ್ತ ನಿಲ್ಲಲಾರದೆ ನಾನು ಹಿತ್ತಿಲಿಗೆ ಹೋಗಿ ತೆಂಗಿನ ಮರಕ್ಕೆ ಒರಗಿ ನಿಂತೆ.

ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಹೋದ. ಎಚ್ಚರವಾಗಲೇ ಇಲ್ಲ. ಹನ್ನೊಂದನೆಯ ದಿನದವರೆಗೂ ಅಪ್ಪ ಅಲ್ಲೇ ಇದ್ದ.

ತುಮಕೂರಿಗೆ ವಾಪಸ್ ಬಂದು ಒಂದು ವಾರವಾಗಿರಬೇಕು. ಅಂಗಡಿಯಲ್ಲಿ ಕೂತಿದ್ದಾಗ ನನ್ನ ವರದಿಗೆ ಉತ್ತರ ಬಂತು. ಹಿಂದೆ ನನ್ನನ್ನು ಅರೆಬರೆ ಅಂದಿದ್ದವನೇ ಬರೆದಿದ್ದ. ಇಷ್ಟು ಅಚ್ಚುಕಟ್ಟಾದ ವರದಿಯನ್ನು ಈಚೆಗೆ ನೋಡಿರಲಿಲ್ಲ, ದೋಷ ಸರಿ ಮಾಡಿದ್ದೇವೆ, ಎಲ್ಲರ ಪರವಾಗಿ ವಂದನೆ. ಕೆಳಗೆ ಹತ್ತಾರು ಜನ ಚಪ್ಪಾಳೆಯ ಚಿತ್ರ ಹಾಕಿದ್ದರು. ಓದಿದ ತಕ್ಷಣ ನನ್ನ ಎದೆ ಉಬ್ಬಿತು. ನಿಜ ಹೇಳಬೇಕು, ಉಬ್ಬಿತು. ಥೂ ನಿನ್ನ ಜನ್ಮಕ್ಕಿಷ್ಟು ಎಂದು ನನಗೆ ನಾನೇ ಬೈದುಕೊಂಡದ್ದು ಅದಾದ ಮೇಲೆ. ಅವತ್ತು ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಮನೆಗೆ ಬಂದವನೇ, ಅಪ್ಪನ ದನಿ ನಡೆಯುವ ಮಟ್ಟಿಗೆ ಎಲ್ಲವನ್ನೂ ಹಾಗೇ ಕಟ್ಟಿಹಾಕಿ, ಲ್ಯಾಪ್‌ಟಾಪಿಗೆ ಇನ್ನು ಯಾವ ಅಪ್‌ಡೇಟೂ ಬಾರದ ಹಾಗೆ ಮಾಡಿದೆ.

ನಾನು ಕೆಲಸ ಮುಗಿಸುವವರೆಗೂ ಅಪ್ಪ ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಮುಗಿದ ಮೇಲೆ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಒಂದೇ ಬೆರಳಲ್ಲಿ ನಿಧಾನಕ್ಕೆ ಟೈಪ್ ಮಾಡಿದ.

"ಕೊನೇಲಿ ಸರಿ ಮಾಡ್ದ್ಯಲ್ಲ ಅವತ್ತು, ಅದು ಬೆಳಿಗ್ಗೇನೇ ಆಗ್ತಿತ್ತೇನ್ಲಾ?"

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿದಳು. ಆಗ್ತಿತ್ತು ಕಣಪ್ಪ, ನಾನೇ ಮಾಡಲಿಲ್ಲ, ಯಾವನೋ ಮುಖ ಕಾಣದವನ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳಲು ಚಪ್ಪಲಿ ಮೆಟ್ಟಿಕೊಂಡು ಕೂತಿದ್ದ ನಿನ್ನನ್ನು ನಾಲ್ಕು ಗಂಟೆ ಕಾಯಿಸಿದೆ. ಇಷ್ಟು ಮಾತು ನಾಲಿಗೆಯವರೆಗೂ ಬಂತು. ನನಗೆ ದನಿ ಇತ್ತು, ಗಂಟಲು ಇತ್ತು, ಎದುರಿಗೆ ಕೇಳುವ ಅಪ್ಪ ಇದ್ದ.

"ಇಲ್ಲ ಕಣಪ್ಪ" ಅಂದೆ. "ಆಗ್ತಿರ್ಲಿಲ್ಲ."

ಅಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದ.

"ಸರಿ ಬುಡು."

ಪೆಟ್ಟಿಗೆಯ ದನಿಗೆ ಏರಿಳಿತವಿಲ್ಲ. ಕಾಫಿ ಕೊಡಮ್ಮ ಅನ್ನುವುದನ್ನೂ ತಪ್ಪಾಯ್ತು ಅನ್ನುವುದನ್ನೂ ಅದು ಒಂದೇ ಥರ ಹೇಳುತ್ತದೆ.